ಟೊಮೆಟೊದ ರಂಗೋಲಿ, ಹುಲ್ಲಿನ ಬಿಳಿ ಗೆರೆ: ಎರಡೂ ಒಂದೇ ಹುಳುವಿನ ಕೆಲಸವಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ. 30 ಗುಂಟೆ ಟೊಮೆಟೊ ಹಾಕಿದ್ದೇವೆ. ಪಕ್ಕದಲ್ಲೇ ಒಂದು ಎಕರೆ ರಾಗಿ, ಅಂಚಿಗೆ ಹಸುಗಳಿಗೆ ಅಂತ ನಾಲ್ಕು ಸಾಲು ಮುಸುಕಿನ ಜೋಳ. ಟೊಮೆಟೊದ ಕೆಳಗಿನ ಎಲೆಗಳಿಗೆಲ್ಲ ರಂಗೋಲಿ ಹುಳು ಬಿದ್ದಿದೆ. ಮೂರು ಸಲ ಔಷಧಿ ಹೊಡೆದೆವು. ಕಡಿಮೆ ಆಗಲಿಲ್ಲ, ಇನ್ನೂ ಜಾಸ್ತಿ ಆದ ಹಾಗೆ ಕಾಣುತ್ತೆ. ಈಗ ನೋಡಿದರೆ ಜೋಳದ ಎಲೆಯಲ್ಲೂ ಬಿಳಿ ಗೆರೆ, ಬದುವಿನ ಹುಲ್ಲಲ್ಲೂ ಬಿಳಿ ಗೆರೆ. ರಾಗಿಯಲ್ಲೂ ಅಲ್ಲಲ್ಲಿ ಶುರುವಾಗಿದೆ. ಅಂಗಡಿಯವರು "ಹುಳ ಹುಟ್ಟೋದೇ ಬದುವಿನ ಹುಲ್ಲಲ್ಲಿ. ಕಳೆನಾಶಕ ಹೊಡೆದು ಹುಲ್ಲು ಸುಡಿ, ರಾಗಿಗೂ ಟೊಮೆಟೊ ಔಷಧೀನೇ ಹೊಡೀರಿ" ಅಂತಾರೆ. ಆ ಹುಲ್ಲೇ ನಮ್ಮ ಎರಡು ಸೀಮೆಹಸುಗಳಿಗೆ ಮೇವು. ಹೊಡೆಯಲೇಬೇಕಾ? ಗೆರೆ ಬಿದ್ದ ಹುಲ್ಲು ತಿಂದರೆ ಹಸುಗಳಿಗೆ ತೊಂದರೆ ಇಲ್ವಾ? ಆರು ಫೋಟೋ ಕಳಿಸಿದ್ದೇನೆ.

ಉತ್ತರ: ಅವಸರದ ಮಾತು ಮೊದಲು ಹೇಳಿಬಿಡುತ್ತೇನೆ. ಬದುವಿಗೆ ಕಳೆನಾಶಕ ಬೇಡ. ರಾಗಿಗೆ ಟೊಮೆಟೊ ಔಷಧಿಯೂ ಬೇಡ. ಗೆರೆ ಬಿದ್ದ ಹುಲ್ಲು ತಿಂದರೆ ಹಸುವಿಗೆ ಏನೂ ಆಗುವುದಿಲ್ಲ. ಔಷಧಿ ಬಿದ್ದ ಹುಲ್ಲು ತಿಂದರೆ ಮಾತ್ರ ಯೋಚನೆ ಮಾಡಬೇಕು. ಟೊಮೆಟೊಗೆ ಹೊಡೆಯುವಾಗ ಗಾಳಿಗೆ ಹನಿ ಹಾರಿ ಬದುವಿನ ಮೇಲೆ ಬಿದ್ದಿದ್ದರೆ ಆ ಭಾಗದ ಹುಲ್ಲನ್ನು ಸದ್ಯಕ್ಕೆ ಕೊಯ್ಯಬೇಡಿ.

ಈಗ ನಿಧಾನವಾಗಿ ನೋಡೋಣ. ನಿಮ್ಮ ಆರು ಫೋಟೋಗಳಲ್ಲಿ ಇರುವುದು ಒಂದೇ ಕತೆ ಅಲ್ಲ. ಕನಿಷ್ಠ ಮೂರು ಇವೆ. ಅವುಗಳಲ್ಲಿ ಒಂದಂತೂ ಹುಳುವಿನದೇ ಅಲ್ಲ.

ನೀವು ಹೆದರಿದ್ದರಲ್ಲಿ ತಪ್ಪಿಲ್ಲ. ಟೊಮೆಟೊದಲ್ಲಿ ಬಿಳಿ ಗೆರೆ, ನಾಲ್ಕು ಹೆಜ್ಜೆ ಆಚೆ ಹುಲ್ಲಲ್ಲೂ ಬಿಳಿ ಗೆರೆ. ಯಾರಿಗಾದರೂ ಒಂದೇ ಹುಳು ಅಂತಲೇ ಅನ್ನಿಸುತ್ತೆ. ಅಂಗಡಿಯವರ ಲೆಕ್ಕವೂ ಪೂರ್ತಿ ಸುಳ್ಳಲ್ಲ. ಎಷ್ಟೋ ಹುಳುಗಳು ಕಳೆ ಗಿಡದಲ್ಲಿ ಬದುಕಿದ್ದು ಬೆಳೆಗೆ ಬರುತ್ತವೆ. ಆದರೆ ಎಲೆ ಸುರಂಗ ಮಾಡುವ ನೊಣಗಳ ವಿಷಯದಲ್ಲಿ ಆ ಲೆಕ್ಕ ಹಾಗೆ ನಡೆಯುವುದಿಲ್ಲ.

ಸುರಂಗ ಅಂದರೆ ಏನು ಅಂತ ಮೊದಲು ತಿಳಿಯೋಣ. ಎಲೆಯನ್ನು ಒಂದು ಹೋಳಿಗೆ ಅಂದುಕೊಳ್ಳಿ. ಮೇಲೆ ಕಣಕ, ಕೆಳಗೆ ಕಣಕ, ನಡುವೆ ಹೂರಣ. ತಾಯಿ ನೊಣ ತನ್ನ ಹಿಂಬದಿಯ ಮೊನೆಯಿಂದ ಎಲೆಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತೆ. ಮರಿ ಹುಟ್ಟಿ ಹೂರಣವನ್ನಷ್ಟೇ ತಿನ್ನುತ್ತಾ ಮುಂದೆ ಹೋಗುತ್ತೆ, ಎರಡೂ ಕಣಕ ಹಾಗೇ ಉಳಿಯುತ್ತವೆ. ಹಸಿರು ಹೋದ ಜಾಗ ನಮಗೆ ಬಿಳಿ ಗೆರೆಯಾಗಿ ಕಾಣುತ್ತೆ. ಗೆರೆ ಶುರುವಾಗುವ ಕಡೆ ಸಣ್ಣ, ಮುಗಿಯುವ ಕಡೆ ಅಗಲ, ಏಕೆಂದರೆ ಮರಿ ತಿನ್ನುತ್ತಾ ತಿನ್ನುತ್ತಾ ದಪ್ಪ ಆಗಿರುತ್ತೆ.

ಟೊಮೆಟೊ ಎಲೆಯ ನರಗಳು ಬಲೆಯ ಹಾಗೆ ಹರಡಿರುತ್ತವೆ. ಒಳಗೆ ಹುಳು ಬೇಕಾದ ಕಡೆ ತಿರುಗುತ್ತೆ, ಅದಕ್ಕೇ ರಂಗೋಲಿ. ಹುಲ್ಲಿನ ಎಲೆ ಹಾಗಲ್ಲ. ಅದು ಗೀಟು ಹಾಕಿದ ಕಾಪಿ ಪುಸ್ತಕ. ನರಗಳೆಲ್ಲ ಉದ್ದಕ್ಕೆ, ಒಂದರ ಪಕ್ಕ ಒಂದು. ಹುಳುವಿಗೆ ನರ ದಾಟುವುದು ಕಷ್ಟ. ಎರಡು ಗೀಟಿನ ನಡುವೆ ನೆಟ್ಟಗೆ ಹೋಗುತ್ತೆ, ದೊಡ್ಡದಾದ ಮೇಲೆ ಅಕ್ಕಪಕ್ಕದ ಗೀಟುಗಳಿಗೂ ಹರಡಿ ಉದ್ದನೆಯ ಪಟ್ಟಿ ಮಾಡುತ್ತೆ. ಹೀಗಾಗಿ ಗೆರೆಯ ಆಕಾರ ಒಂದನ್ನೇ ನೋಡಿ ಒಂದೇ ಹುಳು ಅಥವಾ ಬೇರೆ ಹುಳು ಅಂತ ತೀರ್ಮಾನ ಮಾಡುವ ಹಾಗಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆ: ಗಿಡ ಯಾವುದು?

ನಿಮ್ಮ ಟೊಮೆಟೊದಲ್ಲಿರುವುದು ಲಿರಿಯೊಮೈಜಾ ಟ್ರೈಫೋಲಿ ಅನ್ನುವ ನೊಣ. ನಮ್ಮ ನೆಲದ್ದಲ್ಲ, ಅಮೆರಿಕ ಖಂಡದ್ದು. 1990ರ ಆಸುಪಾಸಿನಲ್ಲಿ ಭಾರತದಲ್ಲಿ ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ಎಲ್ಲ ಕಡೆ ಹಬ್ಬಿತು. ಬಾಯಿಗೆ ಸಿಕ್ಕಿದ್ದನ್ನೆಲ್ಲ ತಿನ್ನುವ ಜಾತಿ ಇದು: ಟೊಮೆಟೊ, ಹುರುಳಿಕಾಯಿ, ಸೌತೆ, ಹರಳು, ಸೇವಂತಿಗೆ, ಚೆಂಡುಹೂ, ಈರುಳ್ಳಿಯನ್ನೂ ಬಿಡುವುದಿಲ್ಲ. ಆದರೆ ಹುಲ್ಲಿನ ಜಾತಿಗೆ ಬೀಳುವುದು ಬಹಳ ಅಪರೂಪ.

ಇದು ಸೇರಿದ ಅಗ್ರೊಮೈಜಿಡೇ ಕುಟುಂಬದಲ್ಲಿ ಜಗತ್ತಿನಾದ್ಯಂತ ಸುಮಾರು 3000 ಬಗೆಯ ನೊಣಗಳಿವೆ. ಟೊಮೆಟೊ ನೊಣದ ಹಾಗೆ ಎಲ್ಲವನ್ನೂ ತಿನ್ನುವವು ಅದರಲ್ಲಿ ಕೈಬೆರಳೆಣಿಕೆಯಷ್ಟು. ಉಳಿದವಕ್ಕೆಲ್ಲ ಊಟದಲ್ಲಿ ಕಟ್ಟುನಿಟ್ಟು. ಹಿರಿಯರು ಸಂಬಂಧ ನೋಡುವಾಗ ಮೊದಲು ಮನೆತನ ಕೇಳುತ್ತಿದ್ದರಲ್ಲ, ಇವೂ ಹಾಗೆ. ಹುಲ್ಲಿನ ಮನೆತನದವಕ್ಕೆ ಹುಲ್ಲೇ ಬೇಕು. ಮುಸುಕಿನ ಜೋಳ, ಕಬ್ಬಿನ ಎಲೆಯಲ್ಲಿ ಸುರಂಗ ಮಾಡುವ ಸ್ಯೂಡೊನಾಪೊಮೈಜಾ ಗುಂಪಿನ ಪುಟ್ಟ ಕಪ್ಪು ನೊಣಗಳು ಈ ಬಗೆಯವು. ಸೆರೊಡಾಂತಾ ಅನ್ನುವ ಇನ್ನೊಂದು ಗುಂಪಿದೆ. ಅದರಲ್ಲಿ ಕೆಲವು ಹುಲ್ಲಿಗೆ, ಕೆಲವು ಹುಲ್ಲಿನ ಹಾಗೇ ಕಾಣುವ ಜೇಕಿನ ಜಾತಿಗೆ ಅಂತ ಹಂಚಿಕೊಂಡಿವೆ. ಇಂಥ ನೊಣಕ್ಕೆ ನಿಮ್ಮ ಟೊಮೆಟೊ ತೋಟವೆಲ್ಲ ಬಿಟ್ಟುಕೊಟ್ಟರೂ ಅಲ್ಲಿ ಅದು ಸಂಸಾರ ಮಾಡುವುದಿಲ್ಲ.

ಈಗ ಫೋಟೋಗಳಿಗೆ ಬರೋಣ.

ಮೂರನೆಯದು, ಜೋಳದ ಎಲೆ. ಇದು ನಿಜವಾದ ಸುರಂಗ. ಪಟ್ಟಿಯ ಪಕ್ಕದಲ್ಲಿ ಸೂಜಿ ಚುಚ್ಚಿದ ಹಾಗೆ ಬಿಳಿ ಚುಕ್ಕಿಗಳು ಒಂದೇ ಸಾಲಿನಲ್ಲಿ ಇವೆ ನೋಡಿ, ನರದ ಉದ್ದಕ್ಕೂ. ಅವು ತಾಯಿ ನೊಣ ರಸ ಕುಡಿಯಲು ಚುಚ್ಚಿದ ಗುರುತು. ಅಷ್ಟು ಚುಕ್ಕಿಯಲ್ಲೂ ಮೊಟ್ಟೆ ಇರುವುದಿಲ್ಲ, ಹೆಚ್ಚಿನವು ಬರೀ ಊಟದ್ದು. (ಗಂಡು ನೊಣಕ್ಕೆ ಚುಚ್ಚುವ ಮೊನೆ ಇಲ್ಲ. ಹೆಣ್ಣು ಚುಚ್ಚಿಟ್ಟ ತೂತಿನಲ್ಲೇ ಅದೂ ಕುಡಿಯುತ್ತೆ.) ಜೋಳದಲ್ಲಿ ಇಷ್ಟರಿಂದ ಮೇವೂ ಕಡಿಮೆ ಆಗುವುದಿಲ್ಲ, ತೆನೆಯೂ ಕಡಿಮೆ ಆಗುವುದಿಲ್ಲ.

ಆದರೆ ಜೋಳದಲ್ಲಿ ಇನ್ನೊಂದನ್ನು ಮಾತ್ರ ಮರೆಯದೆ ನೋಡಿ. 2018ರಲ್ಲಿ ಶಿವಮೊಗ್ಗ ಕಡೆ ಮೊದಲು ಸಿಕ್ಕ ಫಾಲ್ ಸೈನಿಕ ಹುಳುವಿನ ಎಳೆ ಮರಿಗಳು ಎಲೆಯ ಒಂದು ಬದಿಯ ಹಸಿರನ್ನು ಕೆರೆದು ತಿನ್ನುತ್ತವೆ. ಆಗ ಎಲೆಯಲ್ಲಿ ಬಟರ್ ಪೇಪರ್ ಅಂಟಿಸಿದ ಹಾಗೆ ಬಿಳಿ ಕಿಟಕಿಗಳು ಕಾಣುತ್ತವೆ. ದೂರದಿಂದ ಸುರಂಗದ ಹಾಗೇ ಇರುತ್ತೆ. ಪರೀಕ್ಷೆ ಸುಲಭ. ಬಿಳಿ ಜಾಗವನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಸುರಂಗವಾದರೆ ಮೇಲೊಂದು, ಕೆಳಗೊಂದು ಎರಡು ಪದರ ಬಿಡಿಸಿಕೊಳ್ಳುತ್ತವೆ, ನಡುವೆ ಜೇಬಿನ ಹಾಗೆ ಖಾಲಿ. ಸೈನಿಕ ಹುಳುವಾದರೆ ಒಂದೇ ತೆಳು ಪದರ, ಉಗುರು ತಾಕಿದ ಕೂಡಲೇ ತೂತು. ಸುಳಿ ಬಿಡಿಸಿ ನೋಡಿದರೆ ಮರದ ಹೊಟ್ಟಿನ ಹಾಗಿರುವ ಹಿಕ್ಕೆಯೂ ಸಿಗುತ್ತೆ. ಅದು ಕಂಡರೆ ಸುಮ್ನೆ ಕೂರಬೇಡಿ, ಜೋಳಕ್ಕೆ ಅದು ನಿಜವಾದ ಶತ್ರು.

ನಾಲ್ಕನೆಯದು, ರಾಗಿ. ಇಲ್ಲಿ ನಾನು ಫೋಟೋವನ್ನು ಮೂರು ಸಲ ದೊಡ್ಡದು ಮಾಡಿ ನೋಡಿದೆ. ನೀವು ಗೆರೆ ಅಂತ ಬರೆದಿದ್ದೀರಿ, ಅದು ಗೆರೆಯಲ್ಲ. ಎರಡೂ ತುದಿ ಚೂಪಾಗಿ, ನಡುವೆ ಉಬ್ಬಿ, ಕದಿರಿನ ಆಕಾರದಲ್ಲಿರುವ ಮಚ್ಚೆ. ಅಂಚು ಕಂದು, ನಡುವೆ ಬೂದಿ ಬಣ್ಣ. ಇದು ಬೆಂಕಿ ರೋಗದ ಶುರು. ಶಿಲೀಂಧ್ರದಿಂದ ಬರುವ ರೋಗ, ನೊಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಟೊಮೆಟೊ ಹುಳುವಿನ ಔಷಧಿಯನ್ನು ರಾಗಿಗೆ ಹೊಡೆದಿದ್ದರೆ ದುಡ್ಡೂ ಹೋಗುತ್ತಿತ್ತು, ರೋಗವೂ ಹಾಗೇ ಇರುತ್ತಿತ್ತು. ಎಲೆಯಲ್ಲಿರುವಾಗ ಇದು ಅಷ್ಟು ಅಪಾಯ ಅಲ್ಲ. ತೆನೆ ಬರುವ ಹೊತ್ತಿಗೆ ಕುತ್ತಿಗೆಗೆ, ತೆನೆಯ ಬೆರಳುಗಳಿಗೆ ಏರಿದರೆ ಕಾಳು ಜಳ್ಳು. ಈಗ ಯೂರಿಯಾ ಹಾಕುವ ಯೋಚನೆ ಇದ್ದರೆ ಕೈ ಬಿಗಿ ಹಿಡಿಯಿರಿ. ಒಂದು ಗಿಡ ಕಿತ್ತುಕೊಂಡು ಈ ವಾರವೇ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ, ಶಿಲೀಂಧ್ರನಾಶಕ ಬೇಕಾ ಅಂತ ಅಲ್ಲಿ ಕೇಳಿ. ನಿಮ್ಮ ಆರು ಫೋಟೋಗಳಲ್ಲಿ ನನಗೆ ಚಿಂತೆ ಹತ್ತಿಸಿದ್ದು ಇದೊಂದೇ.

ಐದು ಮತ್ತು ಆರು, ಬದುವಿನ ಹುಲ್ಲು. ನೀವು ಎರಡಕ್ಕೂ "ಹುಲ್ಲು" ಅಂತ ಹೆಸರು ಕೊಟ್ಟಿದ್ದೀರಿ. ಓದುವ ಕಾಲದಲ್ಲಿ ನಾನೂ ಒಮ್ಮೆ ಸುರಂಗ ಬಿದ್ದ ಎಲೆ ತಂದು ಚೀಟಿಯಲ್ಲಿ "ಹುಲ್ಲು" ಅಂತ ಬರೆದು ಮೇಷ್ಟ್ರ ಮುಂದೆ ಇಟ್ಟಿದ್ದೆ. ಅವರು ಎಲೆ ನೋಡಲೇ ಇಲ್ಲ. ಚೀಟಿ ವಾಪಸ್ ಕೊಟ್ಟು "ಯಾವ ಊರು ಅಂದ್ರೆ ಭೂಮಿ ಅಂತೀಯಲ್ಲ" ಅಂದರು. ಆವತ್ತಿನಿಂದ ಹುಲ್ಲಿನ ಕತ್ತು ನೋಡದೆ ಹೆಸರು ಬರೆದಿಲ್ಲ.

ಕತ್ತು ಅಂದರೆ ಎಲೆಯ ಅಲಗು ಕಾಂಡವನ್ನು ಬಿಟ್ಟು ಹೊರಗೆ ಬಾಗುವ ಜಾಗ. ಅಲ್ಲಿ ಒಳಬದಿಗೆ ಒಂದು ಪುಟ್ಟ ನಾಲಿಗೆ ಇರುತ್ತೆ. ಎಲೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದು ಬೆಳಕಿಗೆ ಹಿಡಿದರೆ ಕಾಣುತ್ತೆ. ಗರಿಕೆಗೆ ಅದು ಸಣ್ಣ ರೋಮಗಳ ಸಾಲು. ಭತ್ತಕ್ಕೆ ಉದ್ದನೆಯ ಬಿಳಿ ಪೊರೆ, ತುದಿ ಎರಡಾಗಿ ಸೀಳಿರುತ್ತೆ. ಭತ್ತದ ಗದ್ದೆಯಲ್ಲಿ ಭತ್ತದ ಹಾಗೇ ನಿಂತು ಮೋಸ ಮಾಡುವ, ಊದಲಿನ ನೆಂಟನಾದ ಕಾಡುಹುಲ್ಲಿಗೆ ನಾಲಿಗೆಯೇ ಇಲ್ಲ, ಕತ್ತು ಬೋಳು. ಗದ್ದೆಯಲ್ಲಿ ಕಳೆ ತೆಗೆಯುವ ಅನುಭವಸ್ಥ ಹೆಂಗಸರು ಇದನ್ನು ಕೈಯಲ್ಲೇ ತಿಳಿಯುತ್ತಾರೆ, ನಾವು ಭೂತಗನ್ನಡಿ ಹಿಡಿದು ತಿಳಿಯುತ್ತೇವೆ, ಅಷ್ಟೇ ವ್ಯತ್ಯಾಸ.

ನಿಮ್ಮ ಐದನೇ ಫೋಟೋದಲ್ಲಿರುವುದು ಕಾಡುರಾಗಿ. ಬುಡ ಚಪ್ಪಟೆ, ಬೆಳ್ಳಗೆ, ನೆಲಕ್ಕೆ ಅಂಟಿದ ಹಾಗೆ ಹರಡಿದೆ. ತೆನೆ ನಮ್ಮ ರಾಗಿಯದೇ ಬೆರಳು, ತೆಳ್ಳಗೆ. ಅದರ ಎಲೆಯಲ್ಲಿ ಒಂದು ಒಳ್ಳೆಯ ಸುರಂಗವಿದೆ, ತುದಿಯಲ್ಲಿ ಕಂದು ಬಣ್ಣದ ಅಕ್ಕಿನುಚ್ಚಿನ ಹಾಗಿರುವುದು ನೊಣದ ಕೋಶ, ಅಂದರೆ ಮರಿ ನೊಣವಾಗಿ ಬದಲಾಗುವ ಗೂಡು. ಇದನ್ನು ಗಮನಿಸಿ. ಟೊಮೆಟೊ ನೊಣದ ಮರಿ ಬೆಳೆದ ಮೇಲೆ ಎಲೆ ಸೀಳಿಕೊಂಡು ಹೊರಗೆ ಬಂದು ಕೆಳಗೆ ಬೀಳುತ್ತೆ, ಮಣ್ಣಿನಲ್ಲಿ ಕೋಶ ಕಟ್ಟುತ್ತೆ. ಹುಲ್ಲಿನ ನೊಣಗಳಲ್ಲಿ ಅನೇಕವು ಸುರಂಗದ ಒಳಗೇ ಕೋಶವಾಗುತ್ತವೆ. ಎಲೆಯನ್ನು ಬಿಸಿಲಿಗೆ ಹಿಡಿದರೆ ಒಳಗೆ ಕೋಶ ಕಂಡಿತಾ, ಅದು ಟೊಮೆಟೊದ್ದಲ್ಲ ಅಂತ ಅರ್ಧಕ್ಕರ್ಧ ಧೈರ್ಯವಾಗಿ ಹೇಳಬಹುದು.

ಆರನೆಯದು ಹುಲ್ಲೇ ಅಲ್ಲ, ಜೇಕಿನ ಜಾತಿಯ ಕೊನ್ನಾರಿ. ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು ಹೊರಳಿಸಿ, ಮೂರು ಅಂಚು ಸಿಗುತ್ತೆ. ಹುಲ್ಲಿನ ಕಾಂಡ ದುಂಡಗೆ ಅಥವಾ ಚಪ್ಪಟೆ, ಗೆಣ್ಣು ಇರುತ್ತೆ. ಕೊನ್ನಾರಿಗೆ ಗೆಣ್ಣಿಲ್ಲ. ಅದರ ಮೇಲಿನ ಗೆರೆಯಂತೂ ಸುರಂಗ ಅಲ್ಲ, ಎಲೆ ಉಜ್ಜಿಕೊಂಡು ಒಣಗಿದ್ದು.

ಹೊಲಕ್ಕೆ ಇಳಿದಾಗ ಗೊಂದಲ ಮಾಡುವ ಇನ್ನೊಂದೆರಡನ್ನು ಇಲ್ಲೇ ಹೇಳಿಬಿಡುತ್ತೇನೆ, ಬೇರೆ ಓದುಗರಿಗೂ ಆಗಲಿ. ಜೋಳದ ಎಲೆಯ ನಡುನರದ ಎರಡೂ ಕಡೆ ಸಮನಾಗಿ ಬಿಳಿ ಪಟ್ಟೆ ಬಂದಿದ್ದರೆ ಸತುವಿನ ಕೊರತೆ ಇರಬಹುದು. ಹುಳು ಅಷ್ಟು ಅಚ್ಚುಕಟ್ಟಾಗಿ ಎರಡೂ ಕಡೆ ತಿನ್ನುವುದಿಲ್ಲ. ನೀರು ನಿಂತ ಭತ್ತದಲ್ಲಿ ಹೊಸ ಎಲೆ ಬಿಚ್ಚಿಕೊಳ್ಳುವಾಗ ಅಂಚಿನಲ್ಲಿ ಬಿಳಿ ಮಚ್ಚೆ, ತೂತು ಕಂಡರೆ ಅದು ಹೈಡ್ರೆಲಿಯಾ ಅನ್ನುವ ಬೇರೆ ಕುಟುಂಬದ ನೊಣ. ಮರಿ ಸುಳಿಯೊಳಗೆ ಕೂತು ಬಿಚ್ಚದ ಎಲೆಯ ಅಂಚು ಕೆರೆಯುತ್ತೆ. ಗದ್ದೆಯ ನೀರನ್ನು ಆಗಾಗ ಬಸಿದರೆ ಸಾಕು, ಭತ್ತ ಹೊಸ ಎಲೆ ಹಾಕಿ ಮೇಲೇಳುತ್ತೆ. ಭತ್ತದಲ್ಲೇ ಉಬ್ಬಿದ ಬೊಬ್ಬೆಯಂಥ ಸುರಂಗವಿದ್ದು, ಸೀಳಿದರೆ ತಲೆ, ಕಾಲು ಇರುವ ಹಳದಿ ಮರಿ ಸಿಕ್ಕರೆ ಅದು ಹಿಸ್ಪಾ ದುಂಬಿಯದು. ನೊಣದ ಮರಿಗೆ ಕಾಲೂ ಇಲ್ಲ, ತಲೆ ಅನ್ನುವಂಥದ್ದೂ ಇಲ್ಲ. ಬಾಯಿಯ ಜಾಗದಲ್ಲಿ ಕಪ್ಪು ಕೊಕ್ಕೆ ಮಾತ್ರ.

ಸರಿ, ಹುಲ್ಲು ನಿರಪರಾಧಿ ಅಂತಾಯಿತು. ಹಾಗಾದರೆ ಮೂರು ಸಲ ಹೊಡೆದರೂ ಟೊಮೆಟೊದಲ್ಲಿ ಏಕೆ ಜಾಸ್ತಿ ಆಯಿತು?

ಸುರಂಗದ ಹುಳು ಎರಡು ಪದರದ ನಡುವೆ ಬೆಚ್ಚಗಿರುತ್ತೆ. ಎಲೆಯ ಮೇಲಷ್ಟೇ ನಿಲ್ಲುವ ಔಷಧಿ ಅದಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಮುಟ್ಟುವುದು ಎಲೆಯ ಮೇಲೆ ಓಡಾಡುವವರಿಗೆ. ಅಲ್ಲಿ ಓಡಾಡುವವರಲ್ಲಿ ಮುಖ್ಯವಾದವು ಎರಡು ಮಿಲಿಮೀಟರೂ ಇಲ್ಲದ ಪುಟ್ಟ ಕಣಜಗಳು. ಹೆಮಿಪ್ಟಾರ್ಸೆನಸ್, ಡಿಗ್ಲಿಫಸ್ ಅಂತ ಹೆಸರು. ಇವು ಎಲೆಯ ಮೇಲಿಂದಲೇ ಒಳಗಿನ ಹುಳುವನ್ನು ಪತ್ತೆ ಮಾಡಿ, ಮೇಲಿನ ಪದರದ ಮೂಲಕ ಚುಚ್ಚಿ ಸುಮ್ಮನಾಗಿಸಿ, ಪಕ್ಕದಲ್ಲಿ ಮೊಟ್ಟೆ ಇಡುತ್ತವೆ. ಕಣಜದ ಮರಿ ಹುಳುವನ್ನು ತಿಂದು ಬೆಳೆಯುತ್ತೆ. ಡಿಗ್ಲಿಫಸ್ ಮರಿ ಇನ್ನೊಂದು ಕೆಲಸ ಮಾಡುತ್ತೆ. ಕೋಶವಾಗುವ ಮೊದಲು ಸುರಂಗದ ಚಾವಣಿ ಕುಸಿಯದ ಹಾಗೆ ತನ್ನ ಹಿಕ್ಕೆಯಿಂದಲೇ ಸುತ್ತ ಪುಟ್ಟ ಕಂಬಗಳನ್ನು ನಿಲ್ಲಿಸುತ್ತೆ. ಚಿನ್ನದ ಗಣಿಯೊಳಗೆ ಮರದ ಆಧಾರ ಕೊಡುತ್ತಿದ್ದರಲ್ಲ, ಹಾಗೆ. ಭೂತಗನ್ನಡಿಯಲ್ಲಿ ಇದನ್ನು ನೋಡಿದ ದಿನ ನನಗೆ ಮಧ್ಯಾಹ್ನದ ಊಟ ಮರೆತುಹೋಗಿತ್ತು.

1970ರ ದಶಕದಲ್ಲೇ ಕ್ಯಾಲಿಫೋರ್ನಿಯಾದ ಟೊಮೆಟೊ ಹೊಲಗಳಲ್ಲಿ ಇದು ಗೊತ್ತಾಗಿತ್ತು. ಬೇರೆ ಹುಳುವಿಗೆ ಅಂತ ಮೆಥೊಮಿಲ್ ಅನ್ನುವ ಕೀಟನಾಶಕ ಹೊಡೆದ ಕಡೆ, ಈ ನೊಣದ ಹತ್ತಿರದ ಸಂಬಂಧಿ ಲಿರಿಯೊಮೈಜಾ ಸಟೈವೆ ಹೊಡೆಯದ ಕಡೆಗಿಂತ ಜಾಸ್ತಿ ಆಯಿತು. ಕಣಜ ಸತ್ತಿದ್ದೇ ಕಾರಣ. ನಿಮ್ಮ ಹೊಲದಲ್ಲೂ ಹಾಗೇ ಆಗಿದೆ ಅಂತ ನನ್ನ ಅಂದಾಜು. ನೀವು ಹೊಡೆದದ್ದರಲ್ಲಿ ಎರಡು ಒಂದೇ ಗುಂಪಿನ ಔಷಧಿಗಳು, ಹೆಸರು ಮಾತ್ರ ಬೇರೆ.

ಬದು ಉಳಿಸಿ ಅಂತ ನಾನು ಹಟ ಹಿಡಿದಿರುವುದೂ ಇದಕ್ಕೇ. ನೊಣಕ್ಕೆ ಊಟದಲ್ಲಿ ಕಟ್ಟುನಿಟ್ಟು, ಕಣಜಕ್ಕೆ ಇಲ್ಲ. ಟೊಮೆಟೊ ಸುರಂಗದ ಹುಳು ಆದರೂ ಸರಿ, ಹುಲ್ಲಿನ ಸುರಂಗದ ಹುಳು ಆದರೂ ಸರಿ, ಡಿಗ್ಲಿಫಸ್‌ನಂಥವು ಎರಡನ್ನೂ ಹಿಡಿಯುತ್ತವೆ. ಟೊಮೆಟೊ ಇಲ್ಲದ ತಿಂಗಳಲ್ಲಿ, ಔಷಧಿ ಹೊಡೆದ ದಿನಗಳಲ್ಲಿ ಅವಕ್ಕೆ ಆಸರೆ ಇಂಥ ಬದುವೇ. ಅದನ್ನು ಸುಟ್ಟರೆ ಶತ್ರುವಿನ ಮನೆ ಉಳಿದು ನೆಂಟರ ಮನೆ ಸುಟ್ಟ ಹಾಗೆ. ಕಳೆನಾಶಕದ ಹನಿ ಗಾಳಿಗೆ ಟೊಮೆಟೊ ಮೇಲೆ ಬಿದ್ದರೆ ಆಗುವ ನಷ್ಟ ಬೇರೆ.

ಬದುವಿನಲ್ಲಿ ಏನಾದರೂ ಕೀಳಲೇಬೇಕು ಅಂದರೆ ಅಗಲ ಎಲೆಯವನ್ನು ನೋಡಿ. ತಾನಾಗಿ ಬೆಳೆದ ಹರಳು ಗಿಡ, ಗಣಿಕೆ ಸೊಪ್ಪು, ಹಳೇ ಹುರುಳಿಕಾಯಿ ಬಳ್ಳಿ. ಟೊಮೆಟೊ ನೊಣ ತಂಗುವುದು ಅವುಗಳಲ್ಲಿ. ರಂಗೋಲಿ ಬಿದ್ದಿದ್ದರೆ ಕಿತ್ತು ಹೂಳಿ.

ಟೊಮೆಟೊಗೆ ಈಗ ಏನು ಮಾಡಬಹುದು? ಮೊದಲ ದಾರಿ ಕೈಕೆಲಸದ್ದು. ಕೆಳಗಿನ ರಂಗೋಲಿ ಎಲೆ ಕಿತ್ತು, ಅಲ್ಲೇ ಸಾಲಿನಲ್ಲಿ ಹಾಕದೆ, ಗೋಣಿ ಚೀಲದಲ್ಲಿ ಹೊರಗೆ ಒಯ್ದು ಹೂಳಿ. ಅಲ್ಲೇ ಹಾಕಿದರೆ ಹುಳು ಇಳಿದು ಮಣ್ಣಿಗೆ ಸೇರುತ್ತೆ. ತೊಂದರೆ ಏನೆಂದರೆ ಕೂಲಿ ಜಾಸ್ತಿ, ಮತ್ತೆ ಆ ಎಲೆಗಳಲ್ಲಿ ಕಣಜದ ಮರಿಗಳೂ ಹೋಗುತ್ತವೆ. ಕೆಳಗಿನ ಎಲೆ ಮಾತ್ರ ತೆಗೆಯಿರಿ. ಬಿಸಿಲು ಜೋರಿರುವಾಗ ತುಂಬಾ ಎಲೆ ತೆಗೆದರೆ ಕಾಯಿ ಸುಟ್ಟ ಮಚ್ಚೆ ಬೀಳುತ್ತೆ.

ಎರಡನೆಯದು ಬೇವಿನ ಬೀಜದ ಕಷಾಯ. ಲೀಟರಿಗೆ 50 ಗ್ರಾಂ ಪುಡಿ ರಾತ್ರಿ ನೆನೆಸಿ, ಬೆಳಿಗ್ಗೆ ಸೋಸಿ, ಸ್ವಲ್ಪ ಸೋಪಿನ ನೀರು ಸೇರಿಸಿ ಸಂಜೆ ಹೊಡೆಯಿರಿ. ನಾಳೆಯೇ ಹುಳು ಸತ್ತು ಬಿದ್ದಿರುತ್ತೆ ಅಂತ ಕಾಯಬೇಡಿ. ಎಳೆ ಮರಿಗಳು ಬೆಳೆಯದ ಹಾಗೆ ತಡೆಯುವುದು ಅದರ ಕೆಲಸ. ಕಣಜಕ್ಕೆ ಹಾನಿ ಕಡಿಮೆ.

ಮೂರನೆಯದು ಮತ್ತೆ ರಾಸಾಯನಿಕ. ಅದಕ್ಕೆ ನಾನು ವಿರೋಧ ಅಲ್ಲ, ಆದರೆ ಅದು ಕೊನೆಗೆ. ಸಯಾಂಟ್ರಾನಿಲಿಪ್ರೋಲ್‌ನಂಥ, ಎಲೆಯೊಳಗೆ ಇಳಿಯುವ, ಲೇಬಲ್ ಮೇಲೆ ಟೊಮೆಟೊ ಮತ್ತು ಎಲೆ ಸುರಂಗ ಹುಳು ಅಂತ ಬರೆದಿರುವ ಔಷಧಿ ಮಾತ್ರ ತೆಗೆದುಕೊಳ್ಳಿ. ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅನ್ನುವುದನ್ನೂ ಅದರಲ್ಲೇ ಓದಿ. ಒಂದೇ ಗುಂಪಿನದನ್ನು ಮೇಲಿಂದ ಮೇಲೆ ಹೊಡೆದರೆ ಈ ನೊಣ ಬೇಗ ಒಗ್ಗಿಕೊಳ್ಳುತ್ತೆ.

ನಾಲ್ಕನೆಯ ದಾರಿ ಯಾರೂ ಇಷ್ಟಪಡುವುದಿಲ್ಲ: ಕಾಯುವುದು. ನಿಮ್ಮ ಗಿಡಕ್ಕೆ ಕಾಯಿ ಕಟ್ಟಿದೆ, ಮೇಲಿನ ಎಲೆಗಳು ಚೆನ್ನಾಗಿವೆ. ಕೆಳಗಿನ ಹಳೇ ಎಲೆ ಹೋದರೆ ಇಳುವರಿಗೆ ದೊಡ್ಡ ಪೆಟ್ಟಿಲ್ಲ. ನಾನಾಗಿದ್ದರೆ ಒಂದು ಸಲ ಎಲೆ ತೆಗೆಸಿ, ಬೇವು ಹೊಡೆದು, 10 ದಿನ ಮೇಲಿನ ಎಲೆಗಳನ್ನು ಎಣಿಸುತ್ತಾ ಕೂರುತ್ತಿದ್ದೆ. ರಂಗೋಲಿ ಮೇಲಿನ ಎಲೆಗೆ ಏರಿದರೆ ಮಾತ್ರ ಮೂರನೆಯ ದಾರಿ.

ಎರಡನೇ ಫೋಟೋದ ಒಂದು ಎಲೆ ಬಗ್ಗೆ ಸಣ್ಣ ಅನುಮಾನ ಇದೆ. ಅದರಲ್ಲಿ ಗೆರೆಯಲ್ಲ, ಅಗಲವಾದ ಮಚ್ಚೆ. ಬಿಡಿಸಿ ನೋಡಿ. ಒಳಗೆ ತಲೆ, ಕಾಲು ಇರುವ ಹುಳು ಇದ್ದರೆ ಅದು 2014ರಲ್ಲಿ ದೇಶಕ್ಕೆ ಬಂದ ಟ್ಯೂಟಾ ಪತಂಗದ ಮರಿ, ಕಾಯಿಗೂ ಸೂಜಿ ತೂತು ಮಾಡುತ್ತೆ. ಹಾಗಿದ್ದರೆ ಮೇಲೆ ಹೇಳಿದ ಕಾಯುವ ಮಾತು ನಡೆಯುವುದಿಲ್ಲ, ತಕ್ಷಣ ಬರೆಯಿರಿ.

ಕೊನೆಗೆ, ನನ್ನ ಮಾತನ್ನೂ ಪರೀಕ್ಷೆ ಮಾಡದೆ ನಂಬಬೇಡಿ. ಎರಡು ಖಾಲಿ ಹಾರ್ಲಿಕ್ಸ್ ಬಾಟಲಿ ತೊಳೆದು ಒರೆಸಿ ಒಣಗಿಸಿ. ತಳಕ್ಕೆ ಕಾಗದದ ಕರವಸ್ತ್ರ ಹಾಸಿ. ಒಂದರಲ್ಲಿ ಹುಳು ಇರುವ ನಾಲ್ಕು ಟೊಮೆಟೊ ಎಲೆ, ಇನ್ನೊಂದರಲ್ಲಿ ಸುರಂಗ ಬಿದ್ದ ಕಾಡುರಾಗಿ ಎಲೆ. ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ. ಒಳಗೆ ಬೆವರು ಬಂದರೆ ಬೂಷ್ಟು ಹಿಡಿಯುತ್ತೆ, ಕಾಗದ ಬದಲಿಸಿ. ಎರಡು ಮೂರು ವಾರದಲ್ಲಿ ಏನಾದರೂ ಹೊರಗೆ ಬರುತ್ತೆ. ಬೆನ್ನಿನ ತುದಿಯಲ್ಲಿ, ರೆಕ್ಕೆಗಳ ನಡುವೆ ಹಳದಿ ಚುಕ್ಕಿ ಇದ್ದರೆ ಟೊಮೆಟೊ ನೊಣ ಇರಬಹುದು. ಪೂರ್ತಿ ಕಪ್ಪಗಿದ್ದರೆ ಹುಲ್ಲಿನದು. ಹಸಿರು ಮಿಂಚಿದರೆ ಅದು ಕಣಜ, ಬಾಟಲಿಯನ್ನು ಟೊಮೆಟೊ ಸಾಲಿನಲ್ಲಿ ಬಿಚ್ಚಿಬಿಡಿ.

ನೊಣದ ಜಾತಿಯ ಹೆಸರು ಖಚಿತವಾಗಿ ಬೇಕೆಂದರೆ ಗಂಡು ನೊಣವನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಬಿಡಿಸಿ ನೋಡಬೇಕು, ಅದು ನಿಮ್ಮ ಹೊಲಕ್ಕೆ ಬೇಕಾಗಿಲ್ಲ. ಆದರೂ ಕುತೂಹಲ ಇದ್ದರೆ ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಇದೆ, ಅಲ್ಲಿ ಕೀಟ ಗುರುತಿಸುವ ತಜ್ಞರಿದ್ದಾರೆ. ಸತ್ತ ನೊಣವನ್ನು ಸ್ಪಿರಿಟ್ ಇರುವ ಸಣ್ಣ ಸೀಸೆಯಲ್ಲಿ ಹಾಕಿ. ಅದು ಹುಟ್ಟಿದ ಎಲೆಯನ್ನು ಪುಸ್ತಕದ ನಡುವೆ ಒಣಗಿಸಿ, ಸಿಕ್ಕರೆ ತೆನೆಯನ್ನೂ ಜೊತೆಗಿಡಿ. ಚೀಟಿಯಲ್ಲಿ ತಾರೀಖು, ಊರು, ಗಿಡದ ಹೆಸರು ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಸ್ಪಿರಿಟ್‌ಗೆ ಕರಗುತ್ತೆ.